ಬ್ಯಾಡಗಿ ಕಣದಿಂದ ದೋನಾ ಪೌಲಾಕ್ಕೆ

ಬ್ಯಾಡಗಿ ಸೀಮೆಗೆ ಕಡಲಿನ ಸುದ್ದಿ ಬಂದು ಮುಟ್ಟುವುದು ಮೆಣಸಿನಕಾಯಿ ಕಣಕ್ಕೆ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಹೇಳಿದರೆ ಸಾಕು, ಹರವಿದ ಕಾಯಿ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುವ ಧಾವಂತ. ಕಾಯಿ ನೆನೆದರೆ ಬಣ್ಣ ಹೋಯಿತು, ಬಣ್ಣದ ಹಿಂದೆ ರೇಟೂ ಹೋಯಿತು. ಇಷ್ಟಾದರೂ ಹಾವೇರಿ, ರಾಣೇಬೆನ್ನೂರಿನ ಬಿಎಸ್ಸಿ ಹುಡುಗ ಹುಡುಗಿಯರಿಗೆ ಸಾಗರವಿಜ್ಞಾನವೆಂದರೆ ಮಂಗಳೂರು, ಕಾರವಾರದವರ ಬಾಬತ್ತು.

ಹಾಗೇನಿಲ್ಲ. ಗೋವಾದ ದೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ. ಎನ್‌ಐಒ ಎಂದರೆ ಎಲ್ಲರಿಗೂ ಗೊತ್ತು. ಹಲವು ದೇಶಗಳ ಹಡಗುಗಳು ಕೂಡಿ ನಡೆಸಿದ ಹಿಂದೂ ಮಹಾಸಾಗರ ಶೋಧಯಾತ್ರೆಯ ಫಲವಾಗಿ 1966ರ ಜನವರಿ 1ರಂದು ಶುರುವಾದದ್ದು. ಇಂಥ ಕಡೆ ಇಂಟರ್ನ್ ಆಗಿ ಹೋದವರು ಮಾಡುವ ಕೆಲಸ ಎಂಥದು?

ಒಂದನ್ನು ಹತ್ತಿರದಿಂದ ನೋಡೋಣ. ಆಳದಿಂದ ತಂದ ನೀರನ್ನು ಒಂದು ಗಾಳಿಗುಳ್ಳೆಯೂ ಸೇರದಂತೆ ಗಾಜಿನ ಬಾಟಲಿಗೆ ತುಂಬಿ, ಮ್ಯಾಂಗನೀಸ್ ಲವಣವನ್ನೂ ಕ್ಷಾರ ಬೆರೆಸಿದ ಅಯೊಡೈಡನ್ನೂ ಹಾಕುತ್ತಾರೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ. ಆಮ್ಲ ಬಿಟ್ಟರೆ ಗಸಿ ಕರಗಿ ನೀರು ಹಳದಿ. ಬ್ಯುರೆಟ್ಟಿನಿಂದ ಥಯೊಸಲ್ಫೇಟ್ ಹನಿಸುತ್ತ, ಬಣ್ಣ ತಿಳಿಯಾದಾಗ ಸ್ಟಾರ್ಚ್ ಹಾಕಿದರೆ ಕಡುನೀಲಿ, ಮತ್ತೆರಡು ಹನಿಗೆ ಆ ನೀಲಿಯೂ ಮಾಯ. ವಿಂಕ್ಲರ್ ಎಂಬಾತ 1888ರಲ್ಲಿ ಹೇಳಿಕೊಟ್ಟ ವಿಧಾನ ಇದು. ಕಾಲೇಜಿನ ಲ್ಯಾಬಿನಲ್ಲಿ ಎಂಡ್ ಪಾಯಿಂಟ್ ತಪ್ಪಿಸಿಕೊಂಡು ಬೈಸಿಕೊಂಡವರಿಗೆ ಇದರಲ್ಲಿ ಹೊಸದೇನಿದೆ! ಹೊಸದು ಬಾಟಲಿಯ ನೀರಿನಲ್ಲಿದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದ ನಡುವೆ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ನೀರಿಗೆ ಅದೇ ಮದ್ದು ಹಾಕಿದರೆ ಗಸಿ ಬೆಳ್ಳಗೇ ಉಳಿದುಬಿಡುವುದುಂಟು.

ಹಡಗಿನ ಕನಸು ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು: ಎರಡು ತಿಂಗಳ ಇಂಟರ್ನ್‌ಗೆ ಹಡಗು ಹತ್ತುವ ಯೋಗ ಅಪರೂಪ. ಸೂಕ್ಷ್ಮದರ್ಶಕದಡಿ ಪ್ಲವಕ ಎಣಿಸುವುದು, ಕಂಪ್ಯೂಟರಿನಲ್ಲಿ ಅಂಕಿ ಜೋಡಿಸುವುದು, ಇವೇ ಹೆಚ್ಚು. ನನ್ನ ಕೇಳಿದರೆ ಒಳ್ಳೆಯದೇ ಆಯಿತು. ಜಗತ್ತಿನ ಕಡಲುಗಳಲ್ಲಿ ತೇಲುವ ಸುಮಾರು 4000 ಆರ್ಗೊ ಯಂತ್ರಗಳು 2000 ಮೀಟರ್ ಆಳದವರೆಗೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆದ್ದು ನೀರಿನ ಶಾಖ, ಉಪ್ಪಿನ ಲೆಕ್ಕ ಕಳಿಸುತ್ತವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದನ್ನು ಬಿಟ್ಟಿಯಾಗಿಯೇ ಕೊಡುತ್ತದೆ. ರಾಣೇಬೆನ್ನೂರಿನಲ್ಲಿ ಕುಳಿತೂ ಅಭ್ಯಾಸ ಶುರು ಮಾಡಬಹುದು.

ಹಾವೇರಿಯವರು ಮೊನ್ನೆಮೊನ್ನೆಯವರೆಗೂ ಡಿಗ್ರಿ ಪಡೆಯುತ್ತಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ವಿಭಾಗವಿದೆ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಲ್ಲಿಂದ ಬಲಕ್ಕೆ ಕಾರವಾರ.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಫೆಲೋಶಿಪ್ ಇನ್ನೊಂದು ದಾರಿ. ಬೆಂಗಳೂರಿನ ಅಕಾಡೆಮಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು, ಅದರ ಅರ್ಜಿ ನೋಡಿಕೊಳ್ಳುತ್ತದೆ. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ, ಜೊತೆಗೆ ಭತ್ಯೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ. ಏನು ಮಾಡಬೇಕೆಂದಿದ್ದೀರಿ ಎಂದು ಸ್ವಂತ ಮಾತಿನಲ್ಲಿ ಬರೆಯಬೇಕು, ಮೇಷ್ಟರ ಶಿಫಾರಸು ಪತ್ರ ಬೇಕು. ಮೇಷ್ಟರು ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆಯೇ ಕೇಳಿಟ್ಟಿರಿ.