ಟೊಮೇಟೊ: ಹಣ್ಣೋ, ತರಕಾರಿಯೋ?

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಹೂಬಿಡುವ ಸಸ್ಯಗಳ ಪಾಠ ಬಂತೆಂದರೆ ಈ ಚರ್ಚೆ ಏಳುತ್ತದೆ. ಟೊಮೇಟೊ ಹಣ್ಣು ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಬದನೆಕಾಯಿ, ಬೆಂಡೆಕಾಯಿ, ಸೌತೆಕಾಯಿಯೂ ಹಣ್ಣೇ ಎಂದಾಗ ಮಾತ್ರ ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರಿಗೆ ಅದು ಒಪ್ಪಿಗೆಯಾಗುವುದಿಲ್ಲ. ಕೆಲವರು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದೂ ಇಲ್ಲಿಯೇ. ತೊಡಕು ಇರುವುದು ಅನುವಾದದಲ್ಲಿ ಎಂದು ನನಗನಿಸುತ್ತದೆ.

ಮೊದಲು ಪಾಠದ ವಿಷಯ. ಹೂವಿನ ಅಂಡಾಶಯ ಬೆಳೆದು ಆಗುವುದೇ 'ಫ್ರೂಟ್'. ಒಳಗಿನ ಅಂಡಕಗಳು ಬೀಜಗಳಾಗುತ್ತವೆ, ಅಂಡಾಶಯದ ಗೋಡೆ ಸಿಪ್ಪೆ, ತಿರುಳು ಆಗುತ್ತದೆ. ಟೊಮೇಟೊ ತೊಟ್ಟಿನ ಬಳಿ ಹಸಿರು ನಕ್ಷತ್ರದಂತೆ ಅಂಟಿಕೊಂಡಿರುತ್ತದಲ್ಲ, ಅದು ಹೂವಿನ ಪುಷ್ಪಪತ್ರಗಳೇ. ಅಡ್ಡ ಕೊಯ್ದು ನೋಡಿ: ಕೋಣೆಗಳು ಮತ್ತು ನಡುವಿನ ಅಕ್ಷದ ಸುತ್ತ ಬೀಜಗಳು ಕಾಣುತ್ತವೆ. ಇಂಥ ರಸಭರಿತ ಫ್ರೂಟ್‌ಗೆ ಬೆರ್ರಿ ಎಂದು ಹೆಸರು. ಬದನೆಯೂ ಬೆರ್ರಿ. ಎರಡೂ ಸೊಲಾನಮ್ ಕುಲಕ್ಕೆ ಸೇರಿದವು. ಟೊಮೇಟೊಗೆ ಕನ್ನಡದಲ್ಲಿ 'ಚಪ್ಪರಬದನೆ' ಎಂಬ ಹೆಸರೂ ಇದೆ. ಹೆಸರಿಟ್ಟವರು ಗಿಡವನ್ನು ಚೆನ್ನಾಗಿಯೇ ನೋಡಿದ್ದಾರೆ!

ಆದರೆ ಕನ್ನಡದಲ್ಲಿ 'ಹಣ್ಣು' ಎಂದರೆ ಮಾಗಿದ ಹಂತ. ತ್ಯಾಗರಾಜನಗರದ ನಮ್ಮ ಬೀದಿಗೆ ಬರುವ ತಳ್ಳುಗಾಡಿಯವರು ಒಂದೇ ಟೊಮೇಟೊ ರಾಶಿ ತೋರಿಸಿ "ಕಾಯಿ ಕೊಡ್ಲಾ, ಹಣ್ಣು ಕೊಡ್ಲಾ?" ಎಂದು ಕೇಳುತ್ತಾರೆ. ಅಮ್ಮಿ ಇವತ್ತಿನ ಸಾರಿಗೆ ಹಣ್ಣು, ನಾಲ್ಕು ದಿನ ಇಡಲು ಕಾಯಿ ಆರಿಸುತ್ತಾರೆ. ಎರಡರ ನಡುವಿನದಕ್ಕೆ ದೋರೆಗಾಯಿ ಎಂಬ ಚಂದದ ಪದವಿದೆ. ಕೋಲಾರದ ಎಪಿಎಂಸಿ ದೇಶದ ಬಹು ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ದೂರದ ರಾಜ್ಯಗಳಿಗೆ ಹೋಗುವ ಟೊಮೇಟೊವನ್ನು ಪೂರ್ತಿ ಕೆಂಪಾಗುವ ಮೊದಲೇ ಕೀಳಬೇಕು. ಕಿತ್ತ ಮೇಲೂ ಅದು ಎಥಿಲೀನ್ ಅನಿಲ ಹೊರಬಿಡುತ್ತಾ ದಾರಿಯಲ್ಲೇ ಹಣ್ಣಾಗುತ್ತದೆ. ದ್ರಾಕ್ಷಿಗೆ ಈ ಗುಣವಿಲ್ಲ.

'ತರಕಾರಿ' ಎಂಬುದು ಅಡುಗೆಮನೆಯ ಮಾತು. ನಮ್ಮ ಮನೆಯ ಉರ್ದುವಿನಲ್ಲೂ ಅದು ತರ್ಕಾರಿಯೇ. ಗಿಡದ ಯಾವ ಭಾಗ ಎಂದು ಅದು ಹೇಳುವುದಿಲ್ಲ. ಆದ್ದರಿಂದ 'ಹಣ್ಣೋ, ತರಕಾರಿಯೋ' ಎಂಬುದು 'ಅವನು ಎತ್ತರದವನೋ, ಗೋಲ್‌ಕೀಪರೋ' ಎಂದು ಕೇಳಿದ ಹಾಗೆ.

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಲ್ಲಿ 1883ರ ಕಾನೂನಿನಂತೆ ಆಮದು ತರಕಾರಿಗೆ ಶೇ. 10 ಸುಂಕ, ಹಣ್ಣಿಗೆ ಇರಲಿಲ್ಲ. ನ್ಯೂಯಾರ್ಕ್ ಬಂದರಿನಲ್ಲಿ ಟೊಮೇಟೊಗೆ ಕಟ್ಟಿಸಿಕೊಂಡ ಸುಂಕವನ್ನು ವಾಪಸ್ ಕೊಡಿ ಎಂದು ನಿಕ್ಸ್ ಕುಟುಂಬದ ವ್ಯಾಪಾರಿಗಳು ಸುಂಕಾಧಿಕಾರಿ ಹೆಡನ್ ವಿರುದ್ಧ ದಾವೆ ಹೂಡಿದರು. ನ್ಯಾಯಾಲಯದಲ್ಲಿ ನಿಘಂಟುಗಳನ್ನು ಓದಿದ್ದೂ ಆಯಿತು. 1893ರಲ್ಲಿ ಬಂದ ತೀರ್ಪು: ಸಸ್ಯಶಾಸ್ತ್ರದ ಪ್ರಕಾರ ಇದು ಫ್ರೂಟ್ ಹೌದು, ಆದರೆ ಜನ ಊಟದ ಜೊತೆ ತಿನ್ನುತ್ತಾರೆ, ಊಟವಾದ ಮೇಲೆ ಸಿಹಿಯಾಗಿ ಅಲ್ಲ, ಆದ್ದರಿಂದ ಸುಂಕದ ಮಟ್ಟಿಗೆ ತರಕಾರಿ. ವ್ಯಾಪಾರಿಗಳು ಸೋತರು. ನಮ್ಮ ಜಿಎಸ್‌ಟಿ ಪಟ್ಟಿಯಲ್ಲೂ ಟೊಮೇಟೊ ಇರುವುದು ತರಕಾರಿಗಳ 7ನೇ ಅಧ್ಯಾಯದಲ್ಲಿ. ತಾಜಾ ಹಣ್ಣು, ತಾಜಾ ತರಕಾರಿ ಎರಡಕ್ಕೂ ತೆರಿಗೆ ಇಲ್ಲದಿರುವುದರಿಂದ ಇಲ್ಲಿ ಜಗಳಕ್ಕೆ ಕಾರಣವಿಲ್ಲ.

ಟಿಪ್ಪಣಿ ಬರೆಯುವಾಗ ನಾನು 'ಫ್ರೂಟ್' ಎದುರು ಹಣ್ಣು ಎಂದು ಬರೆಯದೆ 'ಫಲ' ಎಂದು ಬರೆದುಕೊಳ್ಳುತ್ತೇನೆ. ಬೆಂಡೆಕಾಯಿ ಒಂದು ಫಲ ಎಂದರೆ ಮನಸ್ಸು ತಕರಾರು ಮಾಡುವುದಿಲ್ಲ. ಇನ್ನೊಂದು ಸುಳಿವು: ಹೆಸರಿನ ಕೊನೆಗೆ 'ಕಾಯಿ' ಇರುವ ತರಕಾರಿಗಳೆಲ್ಲ, ಹೀರೇಕಾಯಿ, ನುಗ್ಗೆಕಾಯಿ, ಹಾಗಲಕಾಯಿ, ಸಸ್ಯಶಾಸ್ತ್ರದ ಫಲಗಳೇ. ಆಲೂಗೆಡ್ಡೆ ಕಾಂಡ, ಕ್ಯಾರೆಟ್ ಬೇರು. ಬಿರಿಯಾನಿಗೆ ಹಾಕುವ ಜಾಯಿಕಾಯಿ ಮಾತ್ರ ಹೆಸರಿನಿಂದ ಮೋಸ ಮಾಡುತ್ತದೆ: ಅದು ಬೀಜ. ಆ ಬೀಜದ ಮೇಲಿನ ಕೆಂಪು ಹೊದಿಕೆಯೇ ಜಾಪತ್ರೆ.