ಅಂಗಳದ ಕಳೆ ತೆಗೆಯಲು ಕೈಯೋ, ‘ಔಷಧಿ’ಯೋ?

ಮಳೆಗಾಲ ಬಂತೆಂದರೆ ಶಿವಮೊಗ್ಗದ ಬಡಾವಣೆಗಳ ಖಾಲಿ ಸೈಟುಗಳಲ್ಲಿ, ಭದ್ರಾವತಿಯ ಕ್ವಾರ್ಟರ್ಸ್‌ಗಳ ಹಿತ್ತಲಿನಲ್ಲಿ ಗರಿಕೆ, ಜೇಕು, ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತವೆ. ಹಾವು, ಸೊಳ್ಳೆಗಳ ಭಯದಿಂದ ಬೇಗ ತೆಗೆಸಬೇಕೆನಿಸುವುದು ಸಹಜ. ಆಗ ಅಡಿಕೆ ತೋಟಕ್ಕೆಂದು ತಂದಿಟ್ಟ ಕಳೆ ಔಷಧಿಯ ನೆನಪಾಗುತ್ತದೆ. ಬಾಯಿಮಾತಿಗೆ ಅದನ್ನು ‘ಔಷಧಿ’ ಎನ್ನುತ್ತೇವೆ. ನಿಜವಾಗಿ ಅದು ವಿಷ. ಆದ್ದರಿಂದ ಕೆಲವು ವಿಷಯಗಳನ್ನು ತಿಳಿದಿರಿ.

ರಾಸಾಯನಿಕ ಕಳೆನಾಶಕಗಳು

ಗ್ಲೈಫೋಸೇಟ್ ಎಲೆಯಿಂದ ಬೇರಿಗಿಳಿದು ಗಿಡವನ್ನು ಒಣಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕ, ಯೂರೋಪಿನ ನಿಯಂತ್ರಣ ಸಂಸ್ಥೆಗಳು ಆ ಅಭಿಪ್ರಾಯವನ್ನು ಒಪ್ಪಿಲ್ಲ. ಚರ್ಚೆ ಏನೇ ಇರಲಿ, ಇದು ಮೈಗೆ, ಕಣ್ಣಿಗೆ, ಹೊಟ್ಟೆಗೆ ತಾಗಬಾರದ ವಸ್ತು.

ಪ್ಯಾರಾಕ್ವಾಟ್ ತಾಗಿದ ಹಸಿರನ್ನೆಲ್ಲ ಬೇಗನೆ ಸುಡುತ್ತದೆ. ಇದು ಬಹಳ ಅಪಾಯಕಾರಿ. ಹೊಟ್ಟೆಗೆ ಹೋದರೆ ಇದಕ್ಕೆ ಪ್ರತಿವಿಷವಿಲ್ಲ. ಮೊದಲ ದಿನ ರೋಗಿ ಚೆನ್ನಾಗಿಯೇ ಮಾತನಾಡುತ್ತಿರಬಹುದು, ಆಮೇಲೆ ಮೂತ್ರಪಿಂಡ ಮತ್ತು ಶ್ವಾಸಕೋಶಗಳು ಕೆಡುತ್ತವೆ. ನೆರೆಯ ಕೇರಳ ಇದನ್ನು 2011ರಲ್ಲೇ ನಿಷೇಧಿಸಿತು.

ನೈಸರ್ಗಿಕವೆಂದರೆ ತೊಂದರೆಯೇ ಇಲ್ಲವೇ?

ಹಾಗೂ ಅಲ್ಲ. ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ತುರಿಕೆ, ಚರ್ಮರೋಗ ಬರುತ್ತದೆ. ಅದರ ಹೂವಿನ ಪರಾಗದಿಂದ ಉಬ್ಬಸ ಹೆಚ್ಚಾಗಬಹುದು. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಬಿಳಿ ಹೂ ಬಿಡುವ ಮೊದಲೇ ಬೇರುಸಹಿತ ಕೀಳಿರಿ. ಉಬ್ಬಸವಿರುವವರು ಈ ಕೆಲಸ ಮಾಡಬಾರದು.

ಒಂದು ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಿದರೂ ಈ ಗಿಡ ಒಣಗುತ್ತದೆ. ಆದರೆ ಉಪ್ಪು ಮಣ್ಣಿನಲ್ಲಿ ಉಳಿದು ಬೇರೆ ಗಿಡಗಳನ್ನೂ ಕೆಡಿಸುತ್ತದೆ. ಕಾಲುದಾರಿ, ಕಂಪೌಂಡಿನ ಅಂಚಿಗೆ ಮಾತ್ರ ಬಳಸಿ.

ಈ ಗಿಡದ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ನಿಮ್ಮಲ್ಲಿ ಅದು ಕಂಡರೆ ಕೊಲ್ಲಬೇಡಿ.

ನಿಮ್ಮ ಮನೆಗೆ ಯಾವುದು ಸರಿ?

ಮನೆಯಂಗಳಕ್ಕೆ ಕೈ, ಕುಡುಗೋಲು, ಗುದ್ದಲಿ ಸಾಕು. ಮಳೆ ನಿಂತ ಮರುದಿನ ಮಣ್ಣು ಮೆತ್ತಗಿರುವಾಗ ಕಳೆ ಸುಲಭವಾಗಿ ಕಿತ್ತು ಬರುತ್ತದೆ. ಜೇಕಿನ ಗಡ್ಡೆಯನ್ನು ಅಗೆದೇ ತೆಗೆಯಬೇಕು, ಒಂದೇ ಸಲಕ್ಕೆ ಹೋಗುವುದಿಲ್ಲ. ಗಿಡಗಳ ಬುಡಕ್ಕೆ ದರಗು ಅಥವಾ ಅಡಿಕೆ ಸಿಪ್ಪೆ ಹೊದಿಸಿದರೆ ಹೊಸ ಕಳೆ ಕಡಿಮೆಯಾಗುತ್ತದೆ.

ದೊಡ್ಡ ತೋಟವಿದ್ದರೆ ಹುಲ್ಲು ಕತ್ತರಿಸುವ ಯಂತ್ರ ಬಳಸಬಹುದು. ಸಿಂಪಡಿಸಲೇಬೇಕೆಂದರೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬಾವಿ, ಹಳ್ಳ, ನಾಲೆಯ ಹತ್ತಿರ ಬೇಡ. ಗಾಳಿ ಬೀಸುವಾಗ ಬೇಡ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು.

ಮನೆಯಲ್ಲಿ ಕಳೆನಾಶಕ ಇದ್ದರೆ

* ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಮಕ್ಕಳು ಕುಡಿಯುವ ಪಾನೀಯವೆಂದೇ ತಿಳಿಯುತ್ತಾರೆ.
* ಬೇಕಾದಷ್ಟೇ ತನ್ನಿ. ಉಳಿದದ್ದನ್ನು ಲೇಬಲ್ ಇರುವ ಡಬ್ಬಿಯಲ್ಲೇ ಇಟ್ಟು ಬೀಗ ಹಾಕಿ.
* ಮನೆಯಲ್ಲಿ ಯಾರಾದರೂ ಬಹಳ ನೊಂದಿದ್ದರೆ, ಸಾಲ ಅಥವಾ ಜಗಳದ ಚಿಂತೆಯಲ್ಲಿದ್ದರೆ, ಅದನ್ನು ಮನೆಯಿಂದ ಹೊರಗೆ ಸಾಗಿಸಿ. ಅವರ ಜೊತೆ ಕುಳಿತು ಮಾತನಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಅಪಾಯವಾದಾಗ

ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿ, ನಂತರ ವೈದ್ಯರಿಗೆ ತೋರಿಸಿ. ಹೊಟ್ಟೆಗೆ ಹೋದರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು, ಹುಣಸೆ ನೀರು ಕುಡಿಸುತ್ತಾ ಸಮಯ ಕಳೆಯಬೇಡಿ. 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ತನ್ನಿ. ಆ ಬಾಟಲಿಯನ್ನೂ ಜೊತೆಗೆ ತನ್ನಿ, ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ‘ಚೆನ್ನಾಗಿದ್ದಾನಲ್ಲ, ನಾಳೆ ನೋಡೋಣ’ ಎಂದು ಕಾಯಬೇಡಿ. ನಿಂದೆಯ ಭಯದಿಂದ ವಿಷಯವನ್ನು ಮುಚ್ಚಿಡಬೇಡಿ.

ಅಂಗಳದ ಕಳೆ ಒಂದು ವಾರ ತಡವಾಗಿ ಹೋದರೂ ನಷ್ಟವಿಲ್ಲ. ಅದಕ್ಕಾಗಿ ಮನೆಯೊಳಗೆ ವಿಷ ತಂದಿಡುವ ಅಗತ್ಯವಿಲ್ಲ.