ಕುಕ್ಕರಹಳ್ಳಿ ಕೆರೆ ಮಗ್ಗುಲಿನ ಓದು

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 1916ರಲ್ಲಿ. ಎರಡೂ ನೆರೆಹೊರೆಯಾದದ್ದು 1960ರ ಹೊತ್ತಿಗೆ. ಆಗ ಉಪಕುಲಪತಿಯಾಗಿದ್ದ ಕುವೆಂಪು ಸ್ನಾತಕೋತ್ತರ ಅಧ್ಯಯನಕ್ಕೆಂದು ಕೆರೆಯ ಪಕ್ಕದಲ್ಲಿ ಹೊಸ ಆವರಣ ಕಟ್ಟಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ ಗಂಗೋತ್ರಿ.

ಇಲ್ಲಿಗೆ ಬರುವವರಲ್ಲಿ ಮಂಡ್ಯ, ಚಾಮರಾಜನಗರ, ಹಾಸನದ ಕಡೆಯ ರೈತರ ಮಕ್ಕಳು ಬಹಳ. ಕೈಯಲ್ಲಿ ಕಾಸಿಲ್ಲದವರನ್ನೂ ಓದಿಸುವ ರೂಢಿ ಈ ಊರಿಗೆ ಹಳೆಯದು. ಒಂದು ಕಾಲಕ್ಕೆ ಬಡ ಹುಡುಗರು ವಾರಾನ್ನದಲ್ಲಿ ಓದುತ್ತಿದ್ದರು: ಸೋಮವಾರ ಒಬ್ಬರ ಮನೆಯ ಊಟವಾದರೆ ಮಂಗಳವಾರ ಇನ್ನೊಬ್ಬರದು. ಆದರೆ ಆ ಎಲೆ ಎಲ್ಲ ಜಾತಿಯವರಿಗೂ ಹಾಸುತ್ತಿರಲಿಲ್ಲ. ಆ ಕೊರತೆ ತುಂಬಿದ್ದು ಸಮುದಾಯಗಳ ವಿದ್ಯಾರ್ಥಿ ನಿಲಯಗಳು, ಸುತ್ತೂರು ಮಠದ ಉಚಿತ ಪ್ರಸಾದ ನಿಲಯ, ಆಮೇಲೆ ಸರ್ಕಾರಿ ಹಾಸ್ಟೆಲುಗಳು. ಕುವೆಂಪು ಅವರೇ ವಿದ್ಯಾರ್ಥಿ ದೆಸೆಯಲ್ಲಿ ರಾಮಕೃಷ್ಣಾಶ್ರಮದ ಆಸರೆ ಪಡೆದವರು. ಎಷ್ಟೋ ಮನೆಗಳ ಮೊದಲ ಪದವೀಧರರು ಓದಿದ್ದು ಇಂಥ ಅನ್ನದ ಬಲದಿಂದಲೇ.

ಈಗಿನ ವಿದ್ಯಾರ್ಥಿಗೆ ಎಂ.ಎ. ಒಂದೇ ಸಾಲದು, ಅದರ ಜತೆಗೇ ಕೆ-ಸೆಟ್, ಕೆಎಎಸ್, ಎಫ್‌ಡಿಎ ಪರೀಕ್ಷೆಗಳ ತಯಾರಿಯೂ ಸಾಗಬೇಕು. ದಸರಾ ಹತ್ತಿರವಾದಾಗ ಯುವ ಸಂಭ್ರಮಕ್ಕೆ ನಾನಾ ಕಾಲೇಜುಗಳ ತಂಡಗಳು ಗಂಗೋತ್ರಿಯ ಬಯಲು ರಂಗಮಂದಿರಕ್ಕೆ ಬರುತ್ತವೆ. ಉಳಿದ ದಿನಗಳಲ್ಲಿ ಬಿಡುವಿಗೆ ಕೆರೆಯ ಏರಿಯಿದೆ. ಮರಗಳ ನೆರಳಲ್ಲಿ ನಡೆಯುವ ಹಾದಿ, ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳು. ಜೀವಶಾಸ್ತ್ರ ಓದುವವರಿಗಂತೂ ಇದು ಪಾಠದ ಮುಂದುವರಿಕೆ. ಆದರೆ ಊರು ಬೆಳೆದಂತೆ ಮಳೆನೀರಿನ ದಾರಿ ಕಟ್ಟಿಕೊಂಡು, ಕೊಳಚೆ ನೀರು ಕೆರೆಗೆ ನುಗ್ಗಿತು. ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಅದನ್ನು ಕಾಯುವ ಹೊಣೆಯೂ ಅದರದೇ.

ಈ ಏರಿ ಹುಡುಗಿಯರಿಗೂ ಸಮನಾಗಿ ಸಿಗಬೇಕು. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ, ಸಂಜೆ ಆರೂವರೆಯ ನಂತರ ವಿದ್ಯಾರ್ಥಿನಿಯರು ಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು, ಕೆರೆಯ ಕಡೆ ಹೋಗಬಾರದು ಎಂದು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು. ವ್ಯಾಪಕ ವಿರೋಧ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆಯಿತು. ಹಿಂದಕ್ಕೆ ಪಡೆದದ್ದು ಸರಿ. ಕತ್ತಲಾದ ಮೇಲೆ ಬೇಕಾದದ್ದು ದೀಪ, ಕಾವಲು, ಹಾಸ್ಟೆಲಿನವರೆಗೆ ಬಸ್ಸು. ಅವನ್ನು ಒದಗಿಸುವುದು ಆಡಳಿತದ ಕೆಲಸ.